ದಿನಕ್ಕೆ ಹತ್ತು ಗ್ರಾಂ

ಜೂನ್ 18, 2024. ಬೆಳಿಗ್ಗೆ 5.40

ಹೂಕೋಸು 60 ಗ್ರಾಂ. ದಂಟು ಬೇಡ, ಹೂವು ಮಾತ್ರ. ತುರಿದು, ಕುದಿಯುವ ನೀರಿಗೆ ಹಾಕಿ ಒಂದು ನಿಮಿಷ. ಬಟ್ಟೆಯಲ್ಲಿ ಹಿಂಡಿ ಬೆಣ್ಣೆಯಲ್ಲಿ ಬಾಡಿಸಿದೆ. ಸಾಸಿವೆ, ಕರಿಬೇವು. ನೋಡಲು ಅನ್ನದ ಹಾಗೇ ಇದೆ. ರಂಜಿನಿ ತಟ್ಟೆ ನೋಡಿ, "ಇದು ಸುಳ್ಳನ್ನ ಕಣಪ್ಪ" ಅಂದಳು. ಎಂಟು ವರ್ಷ. ಮೋಸ ಹೋಗುವ ವಯಸ್ಸು ದಾಟಿದೆ.

ಡಯಟ್ ಶುರುವಾಗಿ ಇಪ್ಪತ್ಮೂರನೆಯ ದಿನ. ಅನ್ನ ಇಲ್ಲ, ರಾಗಿ ಇಲ್ಲ, ಸಕ್ಕರೆ ಇಲ್ಲ, ಬಾಳೆಹಣ್ಣು ಇಲ್ಲ. ಇಡೀ ದಿನಕ್ಕೆ ಹತ್ತು ಗ್ರಾಂ ಕಾರ್ಬ್, ಅಷ್ಟೇ. ಉಳಿದದ್ದೆಲ್ಲ ಬೆಣ್ಣೆ, ಚೀಸ್, ಮೊಟ್ಟೆ, ಕೋಳಿ, ಸೊಪ್ಪು. ಮೂರು ಥರದ ಮಾತ್ರೆಗೂ ಬಗ್ಗದ ಫಿಟ್ಸ್ ಕೆಲವು ಮಕ್ಕಳಲ್ಲಿ ಈ ಊಟಕ್ಕೆ ಬಗ್ಗುತ್ತದಂತೆ. ಮೈಸೂರಿನ ಡಾಕ್ಟರು ಹೇಳಿದ್ದು. ಕೆಲವು ಮಕ್ಕಳಲ್ಲಿ — ಆ ಮಾತನ್ನು ಎರಡು ಸಲ ಹೇಳಿದರು.

ನಿನ್ನೆ ತಲೆ ಜೋಲಿದ್ದು ಆರು ಸಲ. ಮೇ ತಿಂಗಳಲ್ಲಿ ದಿನಕ್ಕೆ ಮೂವತ್ತು. ಕೂತಲ್ಲೇ ಕತ್ತು ಮುರಿದ ಹಾಗೆ ಬೀಳುತ್ತಿತ್ತು. ಹಣೆಯಲ್ಲಿ ಮೂರು ಹೊಲಿಗೆ ಗುರುತು.

ಡಯಟಿಷಿಯನ್ ಸಮೀಕ್ಷಾ ಮೇಡಂ ಕೊಟ್ಟ ಚಾರ್ಟ್ ಬೇರೆ. ಅದಕ್ಕೆ ಅಂಕಿ ಮಾತ್ರ. ಈ ಪುಸ್ತಕ ಯಾರಿಗೂ ತೋರಿಸಲು ಅಲ್ಲ.

6.20ರ ಬಸ್ಸು. ಹೊರಟೆ.

ಜೂನ್ 21. ಮಧ್ಯಾಹ್ನ, ಹಾಸ್ಟೆಲ್

ತೊಂಬತ್ತು ಹುಡುಗರ ಊಟ ಮುಗಿಯಿತು. ಹನ್ನೆರಡು ಕೆಜಿ ಅಕ್ಕಿ, ಹುರುಳಿಕಾಳು ಸಾರು. ನರಸೀಪುರದ ಈ ಸರ್ಕಾರಿ ಹಾಸ್ಟೆಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಅನ್ನ ಬೇಯಿಸುತ್ತಿದ್ದೇನೆ. ಊರ ಮಕ್ಕಳಿಗೆಲ್ಲ ಸೌಟು ತುಂಬ ಬಡಿಸುವ ಕೈ. ಮನೆಗೆ ಹೋದರೆ ಅದೇ ಕೈ ಈರುಳ್ಳಿಯನ್ನು ಗ್ರಾಂ ಲೆಕ್ಕದಲ್ಲಿ ಕೊಯ್ಯಬೇಕು.

ಮೊನ್ನೆ ರಂಜಿನಿ ನನ್ನ ತೋಳು ಮೂಸಿ ನೋಡಿ ಸುಮ್ಮನೆ ನಿಂತಿದ್ದಳು. "ಅನ್ನದ್ ವಾಸ್ನೆ" ಅಂದಳು. ಅವತ್ತಿನಿಂದ ಹೊರಡುವ ಮೊದಲು ಇಲ್ಲೇ ಸೋಪು ಹಚ್ಚಿ ತೊಳೆದು, ಬೇರೆ ಶರ್ಟ್ ಹಾಕಿಕೊಂಡು ಹೋಗುತ್ತೇನೆ.

ಜುಲೈ 7. ಭಾನುವಾರ

ಕೋಳಿ ಅಂಗಡಿ ಬೆಟ್ಟಸ್ವಾಮಿ ನಗುತ್ತಾನೆ. "ಎಲ್ರೂ ಚರ್ಮ ತಗ್ದಾಕು ಅಂತಾರೆ. ನೀವು ಚರ್ಮನೇ ಕೇಳ್ತೀರಲ್ಲ ನಟ್ರಾಜಣ್ಣ, ಯಾರ್‌ಗೆ?" ಮಗಳಿಗೆ ಅಂದೆ. ಪ್ರತಿಯೊಬ್ಬರಿಗೂ ವಿವರಿಸಲು ಆಗುವುದಿಲ್ಲ.

ತೊಡೆ ಭಾಗ, ಚರ್ಮ ಸಮೇತ. ಅದರ ಕೊಬ್ಬಿನಲ್ಲೇ ಬೇಯಬೇಕು. ಮೆಣಸು, ಉಪ್ಪು, ಮೆಂತ್ಯ ಸೊಪ್ಪು, ಕೊನೆಗೆ ಎರಡು ಚಮಚ ಕಾಯಿಹಾಲು. ಮೇಲೆ ಚೀಸ್ ತುರಿದು ಮುಚ್ಚಳ ಮುಚ್ಚಿದೆ. ಕರಗಿ ಕೆನೆಯ ಹಾಗೆ ಕೂತಿತು. ರಂಜಿನಿ ತಟ್ಟೆ ನೆಕ್ಕಿದಳು. ಮೂಳೆಯನ್ನೂ ಬಿಡಲಿಲ್ಲ.

ಮೊಟ್ಟೆಗೆ ಚೀಸ್ ಸೇರಿಸಿ ಕಾವಲಿಯ ಮೇಲೆ ತೆಳ್ಳಗೆ ಹರಡಿದರೆ ದೋಸೆಯ ಹಾಗೇ ಏಳುತ್ತದೆ. ಇದು ನಾನೇ ಕಂಡುಕೊಂಡದ್ದು. ಕೋಮಲ, "ಮದ್ವೆಯಾಗಿ ಇಷ್ಟ್ ವರ್ಷದಲ್ಲಿ ನಂಗೊಂದಿನ ದೋಸೆ ಉಯ್ದು ಕೊಟ್ಟಿದ್ರಾ?" ಅಂದಳು. ನಕ್ಕಳು. ಅವಳು ನಕ್ಕಿದ್ದು ಎಷ್ಟು ದಿನವಾಗಿತ್ತು.

ಆಗಸ್ಟ್ 2

ಸೊನ್ನೆ. ನಿನ್ನೆ ಇಡೀ ದಿನ ಒಂದೂ ಇಲ್ಲ.

ಆಗಸ್ಟ್ 3

ಸೊನ್ನೆ.

ಆಗಸ್ಟ್ 11

ಹತ್ತು ದಿನ ಸೊನ್ನೆ! ಬೆಳಿಗ್ಗೆ ಉಚ್ಚೆಯಲ್ಲಿ ಸ್ಟ್ರಿಪ್ ಅದ್ದಿದರೆ ಕಡು ನೇರಳೆ ಬಣ್ಣ. ನೇರಳೆ ಬಂದರೆ ಊಟ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ರಂಜಿನಿಯೇ ಸ್ಟ್ರಿಪ್ ಹಿಡಿದುಕೊಂಡು ಓಡಿ ಬರುತ್ತಾಳೆ. "ಅಪ್ಪ, ನೇರ್ಳೆ!"

ಇವತ್ತು ಒಬ್ಬಳೇ ಮೆಟ್ಟಿಲು ಇಳಿದಳು. ಕೋಮಲ ಅವಳ ಹಿಂದೆ ಕೈ ಚಾಚಿಕೊಂಡೇ ಇಳಿದಳು. ಮುಟ್ಟಲಿಲ್ಲ.

ಸೆಪ್ಟೆಂಬರ್ 4

ಮತ್ತೆ ಸ್ಕೂಲಿಗೆ ಸೇರಿಸಿದೆವು. ಅರ್ಧ ದಿನ ಮಾತ್ರ. ಬಿಸಿಯೂಟದ ಗಂಟೆಗೆ ಮೊದಲೇ ಕರೆದುಕೊಂಡು ಬರಬೇಕು. ಕೋಮಲಳಿಗೆ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟು ಹಾಕಿದ್ದಾರೆ. ನಾನು ನರಸೀಪುರದಲ್ಲಿ. ಬದನವಾಳಿನಿಂದ ಅವ್ವನನ್ನು ಕರೆತಂದೆ.

ಅವ್ವ ಮೊದಲ ದಿನವೇ ತೂಕದ ಮಷಿನ್ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. "ಇದೇನ್ಲಾ ನಟ್ರಾಜ, ಕೂಸಿಗೆ ಚಿನ್ನ ತೂಗ್ದಂಗೆ ತೂಗೀಯೆ! ನಿಂಗ್ ನಾ ತೂಕ ಮಾಡಿ ಇಕ್ಕಿದ್ನಾ?"

ಕೂರಿಸಿಕೊಂಡು ಹೇಳಿದೆ. ಒಂದು ತುತ್ತು ಅನ್ನ, ಒಂದು ಬಿಸ್ಕತ್ತು, ಏನೂ ಕೊಡಕೂಡದು. ಕೇಳಿಸಿಕೊಂಡಳು. "ಆಗ್ಲಪ್ಪ" ಅಂದಳು. ಮುಖ ಮಾತ್ರ ಒಪ್ಪಿದ ಹಾಗೆ ಕಾಣಲಿಲ್ಲ.

ಸೆಪ್ಟೆಂಬರ್ 19

ಸೊನ್ನೆಯ ಐವತ್ತನೆಯ ದಿನ. ಸೋರೆಕಾಯಿ ಹೋಳು, ಪನೀರ್, ಹಸಿಮೆಣಸು, ಬೆಣ್ಣೆಯಲ್ಲಿ ಪಲ್ಯ. ಚೆನ್ನಾಗಿತ್ತು. ಆದರೂ ಪೂರ್ತಿ ತಿನ್ನಲಿಲ್ಲ. "ಎಲ್ಲಾ ಜಿಡ್ಡು ಜಿಡ್ಡು" ಅಂತ ಬಾಯಿ ಒರೆಸಿಕೊಂಡಳು. ತೂಕ ಒಂದೂವರೆ ಕೆಜಿ ಇಳಿದಿದೆ. ಮೇಡಂಗೆ ಫೋನ್ ಮಾಡಿದೆ. ಬೆಣ್ಣೆ ಜಾಸ್ತಿ ಮಾಡಿ ಅಂದರು.

ಅವ್ವ ಈಗ ಅವಳ ಎದುರಿಗೆ ಉಣ್ಣುವುದಿಲ್ಲ. ಅವಳನ್ನು ಮಲಗಿಸಿ, ಹಿತ್ತಲ ಬಾಗಿಲಲ್ಲಿ ಕೂತು ಮುದ್ದೆ ಉಣ್ಣುತ್ತಾಳೆ. ಕೇಳಿದ್ದಕ್ಕೆ, "ಕೂಸ್ ನೋಡ್ತಿದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣ್ಲಾ" ಅಂದಳು.

ಅಕ್ಟೋಬರ್ 9. ಬೆಳಿಗ್ಗೆ 6

ಸ್ಟ್ರಿಪ್ ನೇರಳೆ ಇಲ್ಲ. ಮಸುಕು ಗುಲಾಬಿ. ಎರಡನೆಯ ಸ್ಟ್ರಿಪ್ — ಅದೂ ಅಷ್ಟೇ.

ಏನು ತಿಂದೆ ಅಂತ ರಂಜಿನಿಯನ್ನು ಕೇಳಿದೆ. ನೆಲ ನೋಡಿದಳು. ಅವ್ವ ಒಳಗಿನಿಂದ ಬಂದು ನಡುವೆ ನಿಂತಳು. "ನಾನೇ ಕೊಟ್ಟೆ ಕಣ್ಲಾ. ಒಂದ್ ತುತ್ತು ಮುದ್ದೆ. ಅದ್ನ ಯಾಕ್ ಗದರ್ಸೀಯೆ?"

ಚಪ್ಪಲಿ ಮೆಟ್ಟಿಕೊಂಡೆ. ಮಾತಾಡಿದ್ದರೆ ಕೆಟ್ಟದ್ದೇ ಬರುತ್ತಿತ್ತು. ಬಸ್ಸಿಗೆ ಹೊತ್ತಾಯಿತು.

ಅಕ್ಟೋಬರ್ 12. ಮೈಸೂರು, ಆಸ್ಪತ್ರೆ

ನಿನ್ನೆ ಬೆಳಿಗ್ಗೆ ಬಂತು. ಜೋಲು ಅಲ್ಲ, ದೊಡ್ಡದು. ಇಡೀ ಮೈ. ಮೂಗಿಗೆ ಸ್ಪ್ರೇ ಹೊಡೆದರೂ ನಿಲ್ಲಲಿಲ್ಲ. ನಂಜನಗೂಡಿನಿಂದ ಆಂಬುಲೆನ್ಸ್. ಇಪ್ಪತ್ತೈದು ನಿಮಿಷ. ತುಟಿ ನೀಲಿಯಾಗಿತ್ತು. ಕೋಮಲ ಅವಳ ಅಂಗಾಲು ತಿಕ್ಕುತ್ತಲೇ ಇದ್ದಳು.

ಐಸಿಯುನಿಂದ ಇವತ್ತು ವಾರ್ಡಿಗೆ ತಂದರು. ಮಂಚದ ಪಕ್ಕ ಅವ್ವ ನಿಂತಿದ್ದಳು. ನನಗೆ ತಡೆಯಲು ಆಗಲಿಲ್ಲ. "ನೋಡ್ಕೋ! ನಿನ್ ಒಂದ್ ತುತ್ತು ಮುದ್ದೆ ನನ್ ಮಗ್ಳನ್ನ ಈ ಮಂಚದ್ ಮ್ಯಾಲೆ ಮಲಗಿಸ್ತು" ಅಂದೆ. ಇಡೀ ವಾರ್ಡು ತಿರುಗಿ ನೋಡಿತು.

ಅವ್ವ ಚೀಲ ತೆಗೆದುಕೊಂಡು ಹೊರಟಳು. ಬಸ್ ಸ್ಟ್ಯಾಂಡಿಗೆ ಬಿಡಲೂ ನಾನು ಹೋಗಲಿಲ್ಲ.

ರಂಜಿನಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಅಂದುಕೊಂಡೆ.

ನವೆಂಬರ್ 3

ಮನೆಗೆ ಬಂದು ಎರಡು ವಾರ. ಕೋಮಲ ಕೆಲಸ ಬಿಟ್ಟಳು. ಈಗ ಬಿಗಿಯಾಗಿ ನಡೆಸುತ್ತಿದ್ದೇವೆ. ಒಂದು ಎಸಳು ಬೆಳ್ಳುಳ್ಳಿಯನ್ನೂ ತೂಗುತ್ತೇನೆ. ಸ್ಟ್ರಿಪ್ ದಿನವೂ ನೇರಳೆ.

ಜೋಲು — ನಾಲ್ಕು, ಏಳು, ಐದು.

ರಂಜಿನಿ ಈಗ ಅನ್ನ ಕೇಳುವುದೇ ಇಲ್ಲ. ಹಟ ಇಲ್ಲ, ಅಳು ಇಲ್ಲ. ಇಟ್ಟದ್ದನ್ನು ತಿನ್ನುತ್ತಾಳೆ. ಬುದ್ಧಿ ಬಂದಿದೆ ಅಂದೆ ಕೋಮಲಳಿಗೆ.

ಡಿಸೆಂಬರ್ 26

ಹದಿನೆಂಟು. ನೇರಳೆ.

ಅರ್ಥವಾಗುತ್ತಿಲ್ಲ.

ಜನವರಿ 9, 2025

ಇಪ್ಪತ್ತಾರು. ಮೂತ್ರ ಮಾಡುವಾಗ ಉರಿ ಅಂತ ಅತ್ತಳು. ಸ್ಕ್ಯಾನ್‌ನಲ್ಲಿ ಕಿಡ್ನಿಯಲ್ಲಿ ಎರಡು ಕಲ್ಲು. ಎಂಟು ವರ್ಷದ ಮಗುವಿಗೆ ಕಲ್ಲು. ಈ ಊಟದಿಂದ ಆಗುವುದುಂಟು ಅಂದರು. ನಾನು ಬೇಯಿಸಿ ಹಾಕಿದ್ದು.

ಕೋಮಲ ಬಾಗಿಲ ಹತ್ತಿರ ಕೂತು ಕೇಳಿದಳು, "ಇನ್ನೂ ಎಷ್ಟ್ ದಿನ ಇದು? ಅದು ತಿನ್ನೋದ್ ನೋಡಿ. ಮಾತ್ರೆ ನುಂಗ್ದಂಗೆ ನುಂಗ್ತದೆ."

"ನಿಲ್ಸುದ್ರೆ ಜಾಸ್ತಿ ಆದ್ರೆ?" ಅಂದೆ.

"ಜಾಸ್ತಿ ಆಗಿಲ್ವಾ ಈಗ?"

ಜನವರಿ 30

ಜೀನ್ ಟೆಸ್ಟ್ ರಿಪೋರ್ಟ್ ಬಂತು. ಡಾಕ್ಟರು ಬಾಗಿಲು ಮುಚ್ಚಿ, ಇಬ್ಬರನ್ನೂ ಕೂರಿಸಿ ಹೇಳಿದರು. ಹುಟ್ಟಿನಿಂದಲೇ ಇರುವ ದೋಷ. ಬೆಳೆಯುತ್ತಾ ಹೆಚ್ಚಾಗುವಂಥದ್ದು. ಡಯಟ್ ಸ್ವಲ್ಪ ದಿನ ತಡೆದು ನಿಲ್ಲಿಸಿತು. ಈಗ ಅದರ ಕೈಗೂ ಮೀರಿದೆ. ಕಲ್ಲೂ ಆಗಿದೆ, ತೂಕವೂ ಇಳಿದಿದೆ. ಮೆಲ್ಲಗೆ ಬಿಡಿಸೋಣ.

ನಾನು ಅಕ್ಟೋಬರಿನ ಮುದ್ದೆಯ ವಿಷಯ ಎತ್ತಿದೆ. ನಮ್ಮ ತಾಯಿ ಕೊಟ್ಟರು ಸಾರ್, ಅದರಿಂದಲೇ ಕೆಟ್ಟಿತು ಅಂದೆ.

ಅವರು ಕನ್ನಡಕ ತೆಗೆದರು. "ನಟರಾಜ್, ಅವತ್ತಲ್ಲದಿದ್ದರೆ ಇನ್ನೊಂದು ವಾರಕ್ಕೆ ಬರುತ್ತಿತ್ತು. ಆಮೇಲೆ ಮೂರು ತಿಂಗಳು ಅಷ್ಟು ಬಿಗಿಯಾಗಿ ಮಾಡಿದಿರಲ್ಲ, ನಿಂತಿತಾ? ಮುದ್ದೆಯ ಮೇಲೆ ಹಾಕಬೇಡಿ."

ಹೊರಗೆ ಬೆಂಚಿನ ಮೇಲೆ ರಂಜಿನಿ ನರ್ಸ್ ಜೊತೆ ಕೂತಿದ್ದಳು. ಬಿದ್ದರೆ ಪೆಟ್ಟಾಗದಿರಲಿ ಅಂತ ತಲೆಗೆ ಹೆಲ್ಮೆಟ್. ಕೋಮಲ ಅವಳ ಹೆಲ್ಮೆಟ್ ಬಿಚ್ಚಿ, ಕೂದಲು ಬಾಚಿ, ಮತ್ತೆ ಹಾಕಿದಳು.

ಫೆಬ್ರವರಿ 16. ಬದನವಾಳು

ಹೋಗಲು ಎರಡು ವಾರ ಹಿಡಿಯಿತು. ಕಾಲು ಏಳಲಿಲ್ಲ.

ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸೊರಗಿದ್ದಾಳೆ. "ಬಾ" ಅಂದಳು, ಅಷ್ಟೇ. ನೀರು ಕೊಟ್ಟಳು. ಕೂಸು ಹೇಗಿದೆ ಅಂತ ಕೇಳಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ತಪ್ಪಾಯ್ತು ಕಣವ್ವ. ನೀ ಕೊಟ್ಟಿದ್ರಿಂದ ಏನೂ ಆಗಿಲ್ವಂತೆ" ಅಂದೆ.

"ನಾ ಎಲ್ ಕೊಟ್ಟೆ?"

ನೋಡಿದೆ.

"ನೀರ್ ಇಡ್ಯಾಕೆ ನಲ್ಲಿತಾವ್ ಓಗಿದ್ದೆ ಕಣ್ಲಾ. ಬಂದ್ ನೋಡುದ್ರೆ ನನ್ ತಟ್ಟೇಲಿ ಮುದ್ದೆ ಅರ್ಧ ಇಲ್ಲ. ಕೂಸು ಬಾಯಿ ತುಂಬ್ಕಂಡು, ಅಗಿಯಾಕೂ ಎದ್ರಿ, ಕಣ್ ಬುಟ್ಕಂಡ್ ಕುಂತಿತ್ತು. ನಾ ಬಾಯಿಂದ ಈಚ್ಗೆ ತಗೀಲಿಲ್ಲ. ಅದೊಂದ್ ತಪ್ ಮಾಡ್ದೆ. ಕೈ ಬರ್ಲಿಲ್ಲ."

"ಮತ್ತೆ ನಾನೇ ಕೊಟ್ಟೆ ಅಂದ್ಯಲ್ಲವ್ವ?"

"ಇನ್ನೇನ್ ಅನ್ಲಿ? ಕೂಸು ಕದ್ ತಿಂತು ಅನ್ಲಾ? ಮೈಯಾಗಿರೋ ಕಾಯ್ಲೆ ಸಾಲ್ದು ಅಂತ ಅದ್ನೂ ಒತ್ಕಬೇಕಾ ಆ ಜೀವ?"

ಅವರೆಕಾಯಿ ಸಿಪ್ಪೆಯನ್ನೇ ನೋಡುತ್ತಾ ಕೂತಿದ್ದೆ. ವಾರ್ಡಿನ ಮಂಚ ನೆನಪಾಯಿತು. ಮುಚ್ಚಿದ ಕಣ್ಣು. ನಿದ್ದೆ ಅಲ್ಲ ಅದು. ನಾನು ಕೂಗಿದ್ದು ಪೂರ್ತಿ ಕೇಳಿಸಿದೆ. ನಾನು ಬೈದದ್ದು ಯಾರನ್ನು ಅಂತ ಅವ್ವನಿಗೂ ಗೊತ್ತಿತ್ತು, ರಂಜಿನಿಗೂ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ.

ನಾಲ್ಕು ತಿಂಗಳು ಅನ್ನ ಕೇಳದೆ ಇದ್ದಳು. ಬುದ್ಧಿ ಬಂದಿದೆ ಅಂತ ಬರೆದಿದ್ದೇನೆ ಇದೇ ಪುಸ್ತಕದಲ್ಲಿ.

ಅವ್ವನನ್ನು ಜೊತೆಯಲ್ಲೇ ಕರೆದುಕೊಂಡು ಬಂದೆ. ಬಾಗಿಲಲ್ಲಿ ಅಜ್ಜಿಯನ್ನು ನೋಡಿ ರಂಜಿನಿ ಓಡಿ ಬರಲಿಲ್ಲ. ಕೋಮಲಳ ಹಿಂದೆ ಹೋಗಿ ನಿಂತಳು.

ಫೆಬ್ರವರಿ 18

ಹೇಳಿದೆ. ಹತ್ತಿರ ಕೂರಿಸಿಕೊಂಡು, "ನೀನ್ ಮುದ್ದೆ ತಿಂದಿದ್ದಕ್ಕೆ ಬಂದಿದ್ದಲ್ಲ ಮಗ. ಡಾಕ್ಟ್ರೇ ಹೇಳವ್ರೆ. ಅಪ್ಪ ಸುಮ್ನೆ ಬೈದ್ಬುಟ್ಟೆ" ಅಂದೆ.

"ಹೂಂ" ಅಂದಳು. ಮಾತ್ರೆ ಕೊಟ್ಟಾಗಲೂ ಹೀಗೇ ಹೂಂ ಅನ್ನುತ್ತಾಳೆ.

ಮಾರ್ಚ್ 2. ಮಧ್ಯಾಹ್ನ

ಹಾಸ್ಟೆಲ್‌ಗೆ ರಜೆ ಹಾಕಿದೆ. ಇವತ್ತಿನಿಂದ ಬಿಡಿಸುವುದು. ಮೇಡಂ ಚಾರ್ಟ್ ಕಳಿಸಿದ್ದಾರೆ. ಮೊದಲ ವಾರ ದಿನಕ್ಕೆ ಬೆಂದ ಅನ್ನ 30 ಗ್ರಾಂ.

ಒಂದು ಹಿಡಿ ಅಕ್ಕಿ ಇಟ್ಟೆ. ಹದಿನಾಲ್ಕು ವರ್ಷ ಮೂಟೆಗಟ್ಟಲೆ ಬೇಯಿಸಿದವನು. ಎರಡು ಸಲ ಮುಚ್ಚಳ ತೆಗೆದು ನೋಡಿದೆ. ಬೇಳೆಯ ಕಟ್ಟಿನ ತಿಳಿ ಸಾರು, ಮೇಲೆ ತುಪ್ಪ. ಅವ್ವ ಕಲಸಿದಳು. ಸಣ್ಣ ಸಣ್ಣ ಆರು ತುತ್ತು.

ರಂಜಿನಿ ಬಾಯಿ ತೆರೆಯಲಿಲ್ಲ.

"ತಿನ್ನವ್ವ, ಸುಳ್ಳನ್ನ ಅಲ್ಲ, ನಿಜ್ವಾದ್ದು" ಅಂದಳು ಕೋಮಲ. ತುಟಿ ಇನ್ನೂ ಬಿಗಿಯಾಯಿತು. ನಾನು ಒಂದು ತುತ್ತು ತಿಂದು ತೋರಿಸಿದೆ. ಕೋಮಲ ತಿಂದಳು. ಅವ್ವ ತಿನ್ನಲಿಲ್ಲ, ತುತ್ತು ಹಿಡಿದುಕೊಂಡೇ ಇದ್ದಳು. "ನಾ ಕೊಡ್ತಿವ್ನಿ ಕಣ್ ಕೂಸೆ. ಅಪ್ಪನ್ ಎದ್ರಿಗೇ ಕೊಡ್ತಿವ್ನಿ. ನೀ ಕದ್ದಿಲ್ಲ."

ಬಾಯಿ ತೆರೆದಳು. ಅಗಿದಳು. ನಿಧಾನವಾಗಿ ನುಂಗಿದಳು. "ಸೀ ಅದೆ" ಅಂದಳು. ಒಂಬತ್ತು ತಿಂಗಳಾದ ಮೇಲೆ ಬರೀ ಅನ್ನವೂ ಅವಳಿಗೆ ಸಿಹಿ.

ಆಮೇಲೆ ಎದ್ದಳು. ಮೂಲೆಯಲ್ಲಿದ್ದ ಹೆಲ್ಮೆಟ್ ತಂದು ತಾನೇ ತಲೆಗೆ ಹಾಕಿಕೊಂಡಳು. ಗದ್ದದ ಪಟ್ಟಿ ಬಿಗಿದುಕೊಂಡಳು. ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ಮೂವರ ಮುಖವನ್ನೂ ನೋಡಿದಳು.

"ಎಷ್ಟೊತ್ತಿಗ್ ಬತ್ತದಪ್ಪ?"

ಬರಲ್ಲ ಅನ್ನಬೇಕಿತ್ತು. ಬಂದೇ ಬರುತ್ತದೆ. ಇದರಿಂದ ಅಲ್ಲ, ಆದರೂ ಬರುತ್ತದೆ. ಎಂಟು ವರ್ಷದ ಮಗುವಿಗೆ ಅದನ್ನು ಹೇಗೆ ಹೇಳುವುದು? ಹೋಗಿ ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಕೂತೆ.