ಆಚೆ ದಂಡೆಯ ಮಗಳು

ಸೊಲ್ಲಾಪುರ
೧೯ ಏಪ್ರಿಲ್ ೨೦೨೫

ಪ್ರೀತಿಯ ತಂಗಿ ಛಾಯಾ,

ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಸೊಲ್ಲಾಪುರದವನಾಗಿ ಇಷ್ಟು ದಿನ ಸೊಲ್ಲೆತ್ತದೆ ಕುಳಿತದ್ದಕ್ಕೆ ಬೈದುಕೋ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನನಗೆ ನಗುವ ಚಟ, ನಿನಗೆ ನಂಬದ ಚಟ.

ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ ನಮ್ಮ ಹಿಮಕೊಲ್ಲಿ ನೆನಪಿದೆಯೇ? ಮನೆಯ ಗಚ್ಚಿಯ ಮೇಲೆ ಅಪ್ಪ ಅಂಗಡಿಗೆಂದು ಒಣಹಾಕಿಸುತ್ತಿದ್ದ ಬಿಳಿ ಟವೆಲ್‌ಗಳೇ ಹೆಪ್ಪುಗಟ್ಟಿದ ಸಮುದ್ರ, ನೀರಿನ ಟಾಕಿಯೇ ಬೆಟ್ಟ. ಈಚೆ ದಂಡೆಯಲ್ಲಿ ನನ್ನ ತೂಕದ ಜನ: ಮಂಜುಗಡ್ಡೆಯನ್ನೂ ತೂಗಿ ಮಾರುವ ಜಿಪುಣರು. ಆಚೆ ದಂಡೆಯಲ್ಲಿ ನಿನ್ನ ಹೊಸಮನೆಯವರು: ವರ್ಷಕ್ಕೊಮ್ಮೆ ಮನೆಯೇ ಕರಗುವುದರಿಂದ ಯಾರ ಮನೆತನವನ್ನೂ ಕೇಳದವರು. ನಡುವೆ ಬಿರುಕಿನವರು, ಹಿಮಕ್ಕೆ ಕಿವಿಯಿಟ್ಟು, ದಾಟಬಹುದೋ ಇಲ್ಲವೋ ಹೇಳುವವರು. "ಟಾವೆಲ್ ಮ್ಯಾಲ ಕಾಲಿಟ್ರ ಕಾಲ ಮುರೀತೀನಿ!" ಎಂದು ಅಪ್ಪ ಕೂಗಿದರೆ, ಅದು ನಮ್ಮ ಸಮುದ್ರದ ಗುಡುಗು.

ನೀನು ಜಾತಿ ಬಿಟ್ಟು ಮದುವೆಯಾದ ಮೇಲೆ ಅಪ್ಪ ನಿನ್ನ ಹೆಸರೆತ್ತಿರಲಿಲ್ಲ. ಈಗೀಗ ಮರೆವು ಹೆಚ್ಚಾಗಿ ಅಂಗಡಿಯ ದಾರಿಯೂ ತಪ್ಪುತ್ತದೆ. ಮೊನ್ನೆ ಮಧ್ಯಾಹ್ನ ನೋಡಿದರೆ, ಆ ಉರಿಬಿಸಿಲಲ್ಲಿ, ಚಾದರ ಹೊದ್ದು ಗಚ್ಚಿಯ ಫರಶಿ ಕಲ್ಲಿಗೆ ಕಿವಿಯಿಟ್ಟು ಮಲಗಿದ್ದಾರೆ!

"ಮಾವಾರ, ಫರಶಿ ಸುಡಾಕತ್ತದ, ಏಳ್ರಿ," ಎಂದು ನನ್ನಾಕೆ ಮನೀಷಾ ತೋಳು ಹಿಡಿದೆಳೆದಳು.

"ಸುಮ್ಕಿರವ್ವಾ. ಬರ್ಫ ಇನ್ನಾ ಗಟ್ಟಿ ಅದ. ಛಾಯಾ ದಾಟಿ ಬರೂದಿದ್ರ ಈಗ ಬರಬೇಕು. ಹೊಸಮನಿಯವ್ರನ್ನೂ ಕರಕೊಂಡ ಬಾ ಅನ್ರಿ ಆಕಿಗಿ."

ಛಾಯಾ, ಆ ಬಿಸಿಲಲ್ಲಿ ನನ್ನ ಕೈಕಾಲು ತಣ್ಣಗಾದವು. ನಮ್ಮ ಒಂದು ಮಾತೂ ಕಿವಿಗೆ ಬೀಳದವರಂತೆ ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದ ಮನುಷ್ಯನಿಗೆ ಇಡೀ ಕೊಲ್ಲಿಯೇ ಗೊತ್ತು! ಕೊಲ್ಲಿ ನನ್ನೆದೆಗೆ ಕೊಳ್ಳಿಯಿಟ್ಟಿತು ಎಂದು ಬರೆದು ನಗಬೇಕೆಂದಿದ್ದೆ. ನಗು ಬರಲಿಲ್ಲ.

ನಿನ್ನ ಮನೆಯವರನ್ನೂ ಕರೆದುಕೊಂಡು ಬಾ. ಕರಗುವ ಮೊದಲು ಬಾ. ನಮ್ಮೂರ ದೇವರು ಸಿದ್ಧರಾಮ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಯೋಗಿರಾಜ

ತಾ.ಕ.: ಅಪ್ಪನನ್ನು ಎಬ್ಬಿಸಿ ನೆರಳಿಗೆ ಕೂರಿಸಿದೆ. ನನ್ನನ್ನೇ ದಿಟ್ಟಿಸಿ, "ನೀವು ಯಾವ ದಂಡಿಯವ್ರಿ?" ಎಂದರು. ನನ್ನ ಚಟ ಬಿಡಬೇಕಲ್ಲ, "ಈಚಿ ದಂಡಿ ವ್ಯಾಪಾರಿರೀ. ನಿಮಗ ಮಕ್ಕಳೆಷ್ಟ್ರಿ?" ಎಂದು ಕೇಳಿಬಿಟ್ಟೆ.

"ಒಬ್ಬಾಕಿ ಮಗಳ್ರಿ. ಮಗಾ ಇಲ್ಲ." ಆಮೇಲೆ ತಮ್ಮ ಚಾದರ ತೆಗೆದು ನನಗೆ ಹೊದಿಸಿದರು. "ದೂರದಿಂದ ಬಂದೀರಿ, ಥಂಡಿ ಭಾಳ ಅದ."

ನೀನು ಬಂದಾಗ ನಾನು ಯಾರೆಂದು ಅವರಿಗೆ ಹೇಳು. ನಿನ್ನ ಮಾತು ನಂಬುತ್ತಾರೆ.