ಹುಲಿಕೆರೆಯಿಂದ ಬಂದ ಎಲೆಅಡಿಕೆ

ನವೆಂಬರ್ 19, ಮಂಗಳವಾರ

ಹೆಣೆದಿದ್ದ ಟೋಪಿಯನ್ನು ಮತ್ತೆ ಬಿಚ್ಚಿದೆ. ಎರಡನೇ ಸಲ. ಕಿವಿ ಹತ್ತಿರ ಸಡಿಲ. ಎರಡು ತಿಂಗಳ ಕೂಸಿನ ತಲೆ ಎಷ್ಟಿರುತ್ತದೆ ಅಂತ ಯೂಟ್ಯೂಬ್‌ನಲ್ಲಿ ಇಂಚಿನ ಲೆಕ್ಕ ಹೇಳುತ್ತಾರೆ. ಅದು ಯಾರದೋ ತಲೆ. ಅಕ್ಕನ ಮಗಳನ್ನು ಈ ಮನೆಯವರು ಯಾರೂ ಇನ್ನೂ ನೋಡಿಲ್ಲ.

ಬೆಳಿಗ್ಗೆ ಅಕ್ಕನಿಗೆ ಮೆಸೇಜ್ ಹಾಕಿ ಅಳತೆ ಕೇಳಿದೆ. ಫೋನ್ ಮಾಡುವ ಹಾಗಿಲ್ಲ, ಅವಳೇ ಹೇಳಿದ್ದು. ಮಧ್ಯಾಹ್ನ ಉತ್ತರ: "ಎರಡು ಗೇಣು. ಒಂದು ಬೆರಳು ಕಮ್ಮಿ. ನನ್ನ ಗೇಣು." ಓದುತ್ತಿದ್ದ ಹಾಗೇ ಡಿಲೀಟ್ ಮಾಡಿದಳು. ಮಗುವಿನ ತಲೆಯ ಅಳತೆಯಲ್ಲಿ ಅಳಿಸುವಂಥದ್ದು ಏನಿದೆ?

ಅಮ್ಮ ಅಡಿಗೆಮನೆಯಿಂದಲೇ ಶುರು ಮಾಡಿದಳು. "ಚೊಚ್ಚಲ ಬಾಣಂತನ ತವರಲ್ಲಿ ಆಗ್ಲಿಲ್ಲ. ಹೋಗ್ಲಿ. ಮೂರು ತಿಂಗಳು ತುಂಬೋದ್ರೊಳಗಾದ್ರೂ ಆಶಾನ, ಮಗೂನ ಕರ್ಕೊಂಡು ಬರ್ಬೇಕು ಕಣ್ರೀ."

ಅಪ್ಪ ಪೇಪರಿನ ಹಿಂದಿನಿಂದ: "ಕರೆದರೆ ಹೋಗೋಣ. ಕರೀದೆ ಹೋಗಿ ಅವರ ಜಗಲಿ ಕೆಳಗೆ ನಿಂತ್ಕೊಳ್ಳೋದು ನಮ್ಮಪ್ಪನ ಕಾಲಕ್ಕೇ ಸಾಕು, ಮೀನಾಕ್ಷಿ."

ಗೋಡೆ ಮೇಲೆ ಬುದ್ಧ. ಕಣ್ಣು ಮುಚ್ಚಿಕೊಂಡೇ ಇದ್ದ.

ನವೆಂಬರ್ 21

ಕೊಬ್ಬರಿ ಮಂಡಿಯ ಸಾಹುಕಾರರ ಹೆಂಡತಿ ಬಂದಿದ್ದರು. ಮೆರೂನ್ ಕಾರ್ಡಿಗನ್, ಜೇಬು ಬೇಕಂತೆ. "ಎಂಎ ಮಾಡಿ ಇದೇನಮ್ಮ ಶರ್ಮಿಳಾ, ಕಡ್ಡಿ ಹಿಡ್ಕೊಂಡು ಕೂತಿದೀಯ? ಕಾಲೇಜಲ್ಲಿ ಪಾಠ ಮಾಡಬಾರ್ದಾ?" ಪಾಠ ಮಾಡಬಾರದು ಅಂತ ನಾನೇನೂ ಹೇಳಿಲ್ಲ. ಗೆಸ್ಟ್ ಲೆಕ್ಚರರ್ ಲಿಸ್ಟ್ ಇನ್ನೂ ಬಂದಿಲ್ಲ. ಬಂದರೂ ಕ್ಲಾಸಿನಲ್ಲಿ ನಿಂತು ಮಾತಾಡುವುದು ನನ್ನಿಂದ ಆಗುವಂಥದ್ದಲ್ಲ. ಹೆಣೆಯುವಾಗ ತಲೆ ಎತ್ತಬೇಕಾಗಿಲ್ಲ. ಬಂದವರು ತಾವೇ ಮಾತಾಡಿಕೊಂಡು ಹೋಗುತ್ತಾರೆ.

ಕಾರ್ಡಿಗನ್ ಪಕ್ಕಕ್ಕಿಟ್ಟೆ. ಮೊದಲು ಕೂಸಿಂದು. ಹಳದಿ ಸ್ವೆಟರ್, ಟೋಪಿ, ಕಾಲುಚೀಲ. ಕುತ್ತಿಗೆ ಹಿಂದೆ ಗುಂಡಿ, ಎದೆ ಮೇಲೆ ಬೇಡ, ಎತ್ತಿಕೊಂಡವರಿಗೆ ಒತ್ತುತ್ತದೆ.

ನವೆಂಬರ್ 22, ಶುಕ್ರವಾರ

ಅಕ್ಕನ ಮೆಸೇಜ್. "ಭಾನುವಾರ ಬಾ. ನೀನೊಬ್ಬಳೇ. ಮಾವ ಊರಲ್ಲಿ ಇರಲ್ಲ. ಹಳೇಬೀಡು ಬಸ್‌ಸ್ಟ್ಯಾಂಡಿಗೆ ಇವರು ಬರ್ತಾರೆ."

ಅಮ್ಮನಿಗೆ ಓದಿ ಹೇಳಿದೆ. 'ನೀನೊಬ್ಬಳೇ', 'ಮಾವ ಇರಲ್ಲ' ಎರಡನ್ನೂ ಬಿಟ್ಟು ಓದಿದೆ. ಅಮ್ಮ ಅಲ್ಲೇ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಬೆಳ್ಳುಳ್ಳಿ ಬಿಡಿಸತೊಡಗಿದಳು. ಬಾಣಂತಿ ಲೇಹ್ಯಕ್ಕೆ. ಒಂದೂವರೆ ವರ್ಷದ ಹಿಂದೆ ಅಕ್ಕ ಬೇಲೂರಿನ ಸೊಸೈಟಿಯಲ್ಲಿ ಜೊತೆಗೆ ಕೆಲಸ ಮಾಡುವ ಯುವರಾಜನನ್ನು ರಿಜಿಸ್ಟರ್ ಮದುವೆ ಆದಾಗ ಅಮ್ಮ ಹೀಗೇ ಕೂತಿದ್ದಳು. ಆಗ ಎದ್ದಿರಲಿಲ್ಲ.

"ಅವಳತ್ತೆ ಹತ್ರ ನಾನೇ ಕೇಳ್ದೆ ಅಂತ ಹೇಳು. ಹನುಮಕ್ಕ ಅಂತಲ್ವಾ ಹೆಸರು? ಮಗೂನ ಕಳಿಸಿಕೊಡಿ ಅಂತ ಬಾಯಿ ಬಿಟ್ಟು ಕೇಳು. ಗೋಡೆ ನೋಡ್ತಾ ನಿಂತ್ಕೋಬೇಡ."

ನವೆಂಬರ್ 24, ಭಾನುವಾರ. ಮಧ್ಯಾಹ್ನ 3.30, ಹಳೇಬೀಡು ಬಸ್‌ಸ್ಟ್ಯಾಂಡ್

ಬಸ್ ಇನ್ನೂ ಬಂದಿಲ್ಲ. ಈಗಲೇ ಬರೆದುಬಿಡಬೇಕು. ಮನೆಗೆ ಹೋದ ಮೇಲೆ ಬೇರೆ ಥರ ಹೇಳಬೇಕಾಗುತ್ತದೆ.

ಯುವರಾಜ್ ಬೈಕ್ ತಂದಿದ್ದರು. ಅವರೂರು ಹುಲಿಕೆರೆಯ ಕೊಳದ ಹತ್ತಿರ ನಿಲ್ಲಿಸಿದರು. ಇಳಿಯಲಿಲ್ಲ, ತಿರುಗಲೂ ಇಲ್ಲ. ಕನ್ನಡಿಯಲ್ಲಿ ನನ್ನ ಕಡೆ ನೋಡುತ್ತಾ: "ಮನೇಲಿ... ಫ್ರೆಂಡ್ ಅಂತ ಹೇಳಿದೀವಿ. ಆಶಾನ ಫ್ರೆಂಡು, ಸ್ವೆಟರ್ ಹೆಣೀತಾರೆ ಅಂತ. ಅವ್ವಂಗೆ ನಿಜ ಗೊತ್ತು. ಅಕ್ಕಪಕ್ಕದೋರು ಬರ್ತಾರಲ್ಲ, ಅದಕ್ಕೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಶರ್ಮಿಳಾ."

ಹೂಂ ಅಂದೆ. ನನಗೆ ಬರುವುದು ಅದೊಂದೇ.

ಅಕ್ಕ ನಡುಮನೆಯಲ್ಲಿ ಮಂಚದ ಮೇಲೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ಮುಖ ಊದಿದೆ. ನನ್ನನ್ನು ನೋಡಿ ಏಳಲು ಹೋದವಳು ಕೂತಳು. "ಬಾ ಶರ್ಮಿಳಾ. ಬಸ್ ಸಿಕ್ತಾ?" ಯಾರಿಗೋ ಕೇಳುವ ಹಾಗೆ. ಯಾವತ್ತೂ ಶಮ್ಮಿ ಅಂತಲೇ ಕರೆಯುತ್ತಿದ್ದವಳು. ಪಕ್ಕದ ಮನೆಯ ಶ್ಯಾಮಲಾ ಅನ್ನುವವರು ಆಗಲೇ ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಮಗುವನ್ನು ಕೊಟ್ಟರು. ಬಿಸಿ. ಅಷ್ಟು ಹಗುರ ಇರುತ್ತದೆ ಅಂತ ಗೊತ್ತಿರಲಿಲ್ಲ. ಟೋಪಿ ಹಾಕಿದೆ. ಸರಿಯಾಗಿ ಕೂತಿತು. ಮೂಗು ಅಮ್ಮನದು, ಅದೇ ಅಗಲ, ಅದೇ ತುದಿ.

ಶ್ಯಾಮಲಾ ಬಗ್ಗಿ ನೋಡಿ, "ಈ ಮೂಗು ಎಲ್ಲಿಂದ ಬಂತೋ ಕಾಣೆ! ನಮ್ ಯುವರಾಜಂದಲ್ಲ, ಹನುಮಕ್ಕಂದಂತೂ ಅಲ್ವೇ ಅಲ್ಲ. ಹನುಮಕ್ಕಂದು ಗಿಣಿ ಕೊಕ್ಕು!" ಅಂದರು. ಹನುಮಕ್ಕ ನಗಲಿಲ್ಲ. "ಕೂಸಿನ ಮೂಗು ಇವತ್ತೊಂದ್ ಥರ, ನಾಳೆ ಒಂದ್ ಥರ. ನೀನು ಕಾಯಿ ಸುಲಿ" ಅಂದರು.

"ಅಲ್ಲಾ, ಆಶಾನ ಕಡೇರದು ಇದ್ದಾತು. ಪಾಪ, ಕೊರೋನದಾಗೆ ಅವ್ವ ಅಪ್ಪ ಇಬ್ರೂ ಒಂದೇ ವಾರದಾಗೆ ಹೋದ್ರಂತಲ್ಲ. ತವರಿದ್ದಿದ್ರೆ ತೊಟ್ಲಾದ್ರೂ ಬರ್ತಿತ್ತು." ನನ್ನ ಕಡೆ ತಿರುಗಿ, "ನೀನು ನೋಡಿದ್ದೇನಮ್ಮ ಅವರನ್ನ? ಒಳ್ಳೇರಂತೆ?"

ಅಕ್ಕ ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಮತ್ತೆ ಮಡಿಸಿದಳು.

"ಹೂಂ. ಒಳ್ಳೆಯವರು" ಅಂದೆ.

ಹಾಗಂದೆ. ಬೆಳಿಗ್ಗೆ ಅಮ್ಮ ಬಸ್‌ಸ್ಟ್ಯಾಂಡ್‌ವರೆಗೆ ಬಂದು, ಕಿಟಕಿಯಿಂದ ಲೇಹ್ಯದ ಡಬ್ಬಿ ಕೊಟ್ಟು, ಬಸ್ಸು ತಿರುಗುವವರೆಗೂ ನಿಂತಿದ್ದಳು.

ಆಮೇಲೆ ಶ್ಯಾಮಲಾ ತಮ್ಮ ಮೊಮ್ಮಗನಿಗೆ ಸ್ವೆಟರ್ ಬೇಕು ಅಂದರು. ನೀಲಿ. ಮುಂದೆ ಕಾರಿನ ಚಿತ್ರ. "ಅಂಗಡೀದಕ್ಕಿಂತ ಕಮ್ಮಿಗೆ ಮಾಡ್ಕೊಡ್ಬೇಕಮ್ಮ, ಆಶಾನ ಫ್ರೆಂಡು ನೀನು." ಹುಡುಗನನ್ನು ಕರೆಸಿದರು. ಬ್ಯಾಗಿನಿಂದ ಟೇಪ್ ತೆಗೆದು ಅಳತೆ ತಗೊಂಡೆ. ಒಂದಂಕಿಯೂ ತಪ್ಪಲಿಲ್ಲ. ಅದೇ ಆಶ್ಚರ್ಯ.

ಹೊರಡುವಾಗ ಎಲ್ಲರ ಎದುರಿಗೆ ಹನುಮಕ್ಕ ಮಡಿಸಿದ ನೋಟು ತಂದರು. "ಸ್ವೆಟರ್‌ದು ತಗಳವ್ವ. ಕೈ ಚೆನ್ನಾಗೈತೆ ನಿಂದು." ಅಕ್ಕನನ್ನು ನೋಡಿದೆ. ಅಕ್ಕ ಕಣ್ಣಲ್ಲೇ 'ತಗೋ' ಅಂದಳು. ತಗೊಂಡೆ.

ಹಿತ್ತಲಿಗೆ ಕೈ ತೊಳೆಯಲು ಹೋದಾಗ ಹನುಮಕ್ಕ ಹಿಂದೆಯೇ ಬಂದರು. ನೀರು ಹಾಕುತ್ತಾ, ದನಿ ಇಳಿಸಿ, "ನಿಮ್ಮವ್ವ ಚೆನ್ನಾಗೌಳಾ?"

"ಹೂಂ. ಅಮ್ಮ... ಮಗೂನ ಕಳಿಸಿಕೊಡಿ ಅಂತ ಕೇಳಿದ್ರು. ಮೂರು ತಿಂಗಳಿಗೆ." ಅಷ್ಟು ಹೇಳಿದೆ. ಅಷ್ಟನ್ನಾದರೂ ಹೇಳಿದೆ.

ಚೊಂಬು ಕಲ್ಲಿನ ಮೇಲಿಟ್ಟರು. "ಎಲ್ಲಿಗೆ ಅಂತ ಕಳಿಸ್ಲಿ ಮಗ? ಇಲ್ಲದ ತವರಿಗೆ? ನಂಗೂ ಹೊಟ್ಟೆ ಉರಿತೈತೆ. ಕಿರೀಮಗಳಿಗೆ ಗಂಡು ನೋಡ್ತಾ ಅವ್ರೆ. ಅದೊಂದು ಆಗೋವರ್ಗೂ ಉಸಿರೆತ್ತಬ್ಯಾಡ್ರಿ. ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದರು. ಒದ್ದೆ ಕೈ.

ಬೈಯುವವರಾಗಿದ್ದರೆ ಸುಲಭ ಇತ್ತು.

ಈಗ ಇಲ್ಲಿ ಕೂತಿದ್ದೇನೆ. ಎದುರಿಗೆ ಟೂರಿಸ್ಟ್ ಬಸ್ಸು, ದೇವಸ್ಥಾನ ನೋಡಿ ಬಂದ ಸ್ಕೂಲ್ ಮಕ್ಕಳು ಸೌತೆಕಾಯಿ ತಿನ್ನುತ್ತಿದ್ದಾರೆ. ಬಾಣಂತಿ ನೋಡಲು ಹೋದವಳು ಬರಿಗೈಯಲ್ಲಿ ಬಂದರೆ ಅಮ್ಮ ಮೊದಲು ಕೈಯನ್ನೇ ನೋಡುತ್ತಾಳೆ. ಮುತ್ತೈದೆ ಮನೆಯಿಂದ ಹೆಣ್ಣುಮಗಳನ್ನು ಎಲೆಅಡಿಕೆ ಕೊಡದೆ ಕಳಿಸಿದರು ಅಂದರೆ ಅರ್ಥ ಗೊತ್ತಾಗಿಬಿಡುತ್ತದೆ.

ಅಂಗಡಿಗೆ ಹೋಗಿ ಬಂದೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಒಂದು ಹಸಿರು ಬ್ಲೌಸ್‌ಪೀಸ್. ಹನುಮಕ್ಕ ಕೊಟ್ಟ ನೋಟಿನಲ್ಲೇ. ತೆಂಗಿನಕಾಯಿ ಬಿಟ್ಟೆ. ತೆಂಗಿಗೆ ಹೆಸರಾದ ನಮ್ಮ ಅರಸೀಕೆರೆಗೆ ಹಳೇಬೀಡಿನಿಂದ ಕಾಯಿ ಹೊತ್ತುಕೊಂಡು ಹೋದರೆ ಯಾರೂ ನಂಬುವುದಿಲ್ಲ.

ಬಸ್ ಬಂತು.

ಅದೇ ದಿನ, ಸಂಜೆ 7

"ಹೆಂಗವ್ಳೆ? ಮಗು ಯಾರ ಥರ?"

"ನಿನ್ನ ಮೂಗು" ಅಂದೆ. ಅದೊಂದು ನಿಜ. ಅಮ್ಮ ಮೂಗು ಮುಟ್ಟಿಕೊಂಡು ನಕ್ಕಳು. ಎಷ್ಟು ದಿನ ಆಗಿತ್ತು.

ಚೀಲ ಬಿಚ್ಚಿದಳು. ಎಲೆ, ಅಡಿಕೆ, ಬ್ಲೌಸ್‌ಪೀಸ್. "ಅವರೇ ಕೊಟ್ರಾ? ಹನುಮಕ್ಕ?" ಹೂಂ. "ನನಗಂತಾ?" ಹೂಂ. ಎಲೆಯನ್ನು ತಟ್ಟೆಗೆ ಹಾಕಿ ಅಪ್ಪನ ಮುಂದೆ ಹಿಡಿದಳು. "ನೋಡ್ರೀ."

ಅಪ್ಪನಿಗೆ ಅರಿಶಿನ ಕುಂಕುಮ ಎಲೆಅಡಿಕೆ ಯಾವುದೂ ಆಗಿಬರುವುದಿಲ್ಲ. ಕಂದಾಚಾರ ಅನ್ನುತ್ತಾರೆ. ಇವತ್ತು ಕನ್ನಡಕ ತೆಗೆದು, ಒಂದು ಎಲೆ ಎತ್ತಿ, ತಿರುಗಿಸಿ ನೋಡಿದರು. ಎಲೆಯನ್ನು ಮೆಲ್ಲಗೆ ವಾಪಸ್ ಇಟ್ಟರು.

ನವೆಂಬರ್ 25

ಎದ್ದಾಗ ಅಪ್ಪ ಅಟ್ಟದ ಮೇಲಿದ್ದರು. ತೊಟ್ಟಿಲು ಇಳಿಸುತ್ತಿದ್ದಾರೆ. ನಾನೂ ಅಕ್ಕನೂ ಮಲಗಿದ್ದ ತೊಟ್ಟಿಲು. ಕೆಳಗೆ ಅಮ್ಮ ಸ್ಟೂಲ್ ಹಿಡಿದು ನಿಂತಿದ್ದಳು.

"ಎಲೆಅಡಿಕೆ ಕಳಿಸಿದ್ದಾರೆ ಅಂದ್ರೆ ಕರೆದ ಹಂಗೇ ಅಲ್ವೇನೇ" ಅಂದಳು. "ಬಾಯಲ್ಲಿ ಕರೆಯೋಕೆ ಅವರಿಗೂ ಮುಜುಗರ ಇರುತ್ತೆ. ದೊಡ್ಡೋರು ಹಂಗೇ ಕಳಿಸೋದು. ಈ ಭಾನುವಾರ ಹೋಗ್ತೀವಿ, ಇಬ್ರೂ."

ಅಪ್ಪ ಮೇಲಿನಿಂದ: "ಧೂಳಿದೆ. ದೂರ ನಿಂತ್ಕೊಳ್ಳಿ."

ಎಲೆ ಕಳಿಸಿದರೆ ಕರೆದ ಹಾಗೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿನ್ನೆ ಅಂಗಡಿ ಮುಂದೆ ನಿಂತಾಗ ಬರಿಗೈ ಮಾತ್ರ ಕಂಡಿತು, ಅದರಾಚೆಗೆ ಕಾಣಲಿಲ್ಲ.

ಸಂಜೆ ಹೇಳಿಬಿಡುತ್ತೇನೆ.

ನವೆಂಬರ್ 29, ಶುಕ್ರವಾರ

ಹೇಳಿಲ್ಲ.

ಮಂಗಳವಾರ ಹೇಳಲು ಹೋದೆ. ಅಪ್ಪ ತೊಟ್ಟಿಲಿಗೆ ಪಾಲಿಶ್ ಹಚ್ಚುತ್ತಿದ್ದರು. ಪಕ್ಕದ ಮನೆಯ ಮರಿಯಣ್ಣ ಕಾಂಪೌಂಡ್ ಮೇಲೆ ಒರಗಿಕೊಂಡು, "ಏನ್ ಧರ್ಮೇಶಣ್ಣ, ಬೀಗರ ಮನೆಗೋ? ಕೊನೆಗೂ ಕರೆದ್ರಾ ಗೌಡ್ರು?" ಅಂದ. ಅಪ್ಪ ತಲೆ ಎತ್ತದೆ, "ಕರೆಸಿಕೊಂಡ್ರು ಕಣಯ್ಯ" ಅಂದರು. ಕರೆಂಟ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ, ಆ ಧ್ವನಿಯಲ್ಲಿ ಯಾವತ್ತೂ ಮಾತಾಡಿದ್ದು ನಾನು ಕೇಳಿಲ್ಲ. ವಾಪಸ್ ಒಳಗೆ ಬಂದೆ.

ಅಕ್ಕನಿಗೆ ಮೆಸೇಜ್ ಹಾಕಿದೆ, 'ಅರ್ಜೆಂಟ್, ಫೋನ್ ಮಾಡು'. ಒಂದೇ ಟಿಕ್. ಮೂರು ದಿನದಿಂದ ಒಂದೇ ಟಿಕ್. ಯುವರಾಜ್‌ಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಇನ್ನು ಆ ಮನೆಯಲ್ಲಿ ಯಾರ ನಂಬರೂ ನನ್ನ ಹತ್ತಿರ ಇಲ್ಲ.

ಕಾರ್ಡಿಗನ್ ಎಡಗಡೆಯ ಜೇಬು ಬಲಗಡೆಗಿಂತ ಮೇಲೆ ಬಂದಿದೆ. ಬಿಚ್ಚಬೇಕು. ಬಿಚ್ಚಿಲ್ಲ.

ನವೆಂಬರ್ 30

ಅಮ್ಮ ಹೊಸ ಸೀರೆಗೆ ಹೊಂದುತ್ತದೆ ಅಂತ ಆ ಹಸಿರು ಬ್ಲೌಸ್‌ಪೀಸನ್ನು ಹೊಲಿಸಿಕೊಂಡು ಬಂದಿದ್ದಾಳೆ. "ಅವರು ಕೊಟ್ಟಿದ್ದನ್ನೇ ಹಾಕ್ಕೊಂಡು ಹೋದ್ರೆ ಖುಷಿ ಪಡ್ತಾರೆ ಕಣೇ."

ಈಗ ಹೇಳಬೇಕು ಅಂತ ಅವಳ ಹಿಂದೆಯೇ ರೂಮಿಗೆ ಹೋದೆ. ಕನ್ನಡಿ ಮುಂದೆ ತೋಳು ಎಳೆದುಕೊಳ್ಳುತ್ತಿದ್ದಳು.

"ಅಮ್ಮ, ಅಲ್ಲಿ..."

"ಏನೇ?"

"ತೋಳು ಬಿಗಿ ಅನ್ನಿಸುತ್ತೆ."

"ಒಂದು ಹೊಲಿಗೆ ಬಿಚ್ಚಿಕೊಡು ಹಂಗಾರೆ."

ಬಿಚ್ಚಿಕೊಟ್ಟೆ.

ಡಿಸೆಂಬರ್ 1, ಭಾನುವಾರ

ಬೆಳಿಗ್ಗೆ 7. ತಡೆಯಲು ಕೊನೆಯ ಪ್ರಯತ್ನ. ಚಳಿ, ಮಗುವಿಗೆ ನೆಗಡಿ ಅಂತೆ, ಮುಂದಿನ ವಾರ ಹೋಗಬಹುದಲ್ಲ ಅಂದೆ. ಅಪ್ಪ ಇಸ್ತ್ರಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, "ನೆಗಡಿ ಆದ್ರೆ ನೋಡೋಕೆ ಹೋಗಲೇಬೇಕಲ್ಲಮ್ಮ" ಅಂದರು. ತೊಟ್ಟಿಲನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಇಟ್ಟುಕೊಂಡರು. "ನೀನೂ ಬಾರೇ" ಅಂದಳು ಅಮ್ಮ. ತಲೆನೋವು ಅಂದೆ. ಅಲ್ಲಿ ನಾನು ಸ್ವೆಟರ್ ಹೆಣೆಯುವ ಫ್ರೆಂಡು.

8.20. ಬಸ್ ಹತ್ತಿದ್ದೇವೆ, ಸೀಟ್ ಸಿಕ್ಕಿತು ಅಂತ ಅಪ್ಪ ಫೋನ್ ಮಾಡಿದರು. ತೊಟ್ಟಿಲನ್ನು ಡ್ರೈವರ್ ಪಕ್ಕ ಇಡಲು ಬಿಟ್ಟರಂತೆ. ಯಾರಿಗೆ ಅಂತ ಕಂಡಕ್ಟರ್ ಕೇಳಿದನಂತೆ. "ಮೊಮ್ಮಗಳಿಗೆ" ಅಂದರಂತೆ ಅಪ್ಪ. ಫೋನಿನಲ್ಲಿ ಅದನ್ನು ಎರಡು ಸಲ ಹೇಳಿದರು.

9.05. ಅಕ್ಕನ ಫೋನ್. ಅವಳೇ ಮಾಡಿದಳು. ಫೋನ್ ಕೆಟ್ಟಿತ್ತಂತೆ, ಬೇಲೂರಿನಲ್ಲಿ ರಿಪೇರಿಗೆ ಕೊಟ್ಟಿದ್ದನ್ನು ಯುವರಾಜ್ ನಿನ್ನೆ ರಾತ್ರಿ ತಂದರಂತೆ, ಈಗ ಆನ್ ಮಾಡಿದಳಂತೆ. ಏನೇ ಅರ್ಜೆಂಟು?

ಎಲ್ಲಾ ಹೇಳಿದೆ. ನೋಟು, ಎಲೆ, ಬ್ಲೌಸ್‌ಪೀಸ್, ಬಸ್ಸು. ಇಷ್ಟು ದಿನ ಬಾಯಿಗೆ ಬಾರದ್ದು ಒಂದೇ ಉಸಿರಿಗೆ ಬಂತು.

ಅಕ್ಕ ಬೈಯಲಿಲ್ಲ. ಅಳಲಿಲ್ಲ. ಹಿಂದೆ ಮಾತು ಕೇಳುತ್ತಿತ್ತು, ತುಂಬಾ ಜನ. ಹನುಮಕ್ಕನ ಕಿರಿ ಮಗಳನ್ನು ನೋಡಲು ಗಂಡಿನ ಕಡೆಯವರು ಇವತ್ತೇ ಬಂದಿದ್ದಾರಂತೆ.

"ಇಬ್ರೂ ಬರ್ತಿದಾರಾ?"

"ಹೂಂ."

"ತೊಟ್ಟಿಲು ತಗೊಂಡು?"

"ಹೂಂ. ಅಕ್ಕ, ನೀನೇ ಅಪ್ಪನಿಗೆ ಫೋನ್ ಮಾಡಿ ಬೇಡ ಅನ್ನು. ಇಳಿದುಬಿಡ್ತಾರೆ."

"ನನ್ನ ಬಾಯಲ್ಲಿ ಬರಬೇಡಿ ಅಂತ ಹೇಳಿಸ್ತೀಯಾ?"

ಮಗು ಅಳುವ ಸದ್ದು. ಯಾರೋ "ಆಶಾ, ಕಾಫಿ ಲೋಟ" ಅಂದರು. ಬಂದೆ ಅತ್ತೆ ಅಂದಳು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು, ಉಸಿರಿನಲ್ಲೇ ಕೇಳಿದಳು.

"ಶಮ್ಮಿ, ಬೇಗ ಹೇಳೇ. ಬಾಗಿಲಿಗೆ ಬಂದು ನಿಂತಾಗ, ಅವರನ್ನ ಯಾರು ಅಂತ ಹೇಳ್ಲಿ?"

ಬಸ್ಸು ಜಾವಗಲ್ ದಾಟಿರಬೇಕು. ಅಕ್ಕ ಇನ್ನೂ ಲೈನಿನಲ್ಲಿದ್ದಾಳೆ. ಫೋನ್ ಎಡಗೈಯಲ್ಲಿದೆ, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಬರೆದರೆ ಏನಾದರೂ ಹೊಳೆಯಬಹುದು ಅಂತ. ಅವರನ್ನು ಯಾರು ಅಂತ...