ಅಳಿಸಿದ ಹಳ್ಳಿಗಳಿಗೆ ಮೊದಲ ಬಹುಮಾನ

ನಮ್ಮ ಮಗಳ ಶಾಲೆಯ ಇತಿಹಾಸ ಪ್ರದರ್ಶನಕ್ಕೆ ತೀರ್ಪು ಕೊಟ್ಟ ಮಾನ್ಯರೇ,

ಒಂಬತ್ತನೇ ತರಗತಿಯ ಶಿಲ್ಪಶ್ರೀಗೆ ನೀವು ನಕ್ಷೆ ರಚನೆಯಲ್ಲಿ ಮೊದಲ ಬಹುಮಾನ ಕೊಟ್ಟಿದ್ದೀರಿ. ಅದರ ವಿರುದ್ಧ ಈ ದೂರು. ಬಹುಮಾನ ಸಿಗಲಿಲ್ಲವೆಂದು ಜಗಳಕ್ಕೆ ಬರುವ ತಂದೆಯರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಸಿಕ್ಕಿತೆಂದು ಬಂದವನು ನಾನೊಬ್ಬನೇ ಇರಬೇಕು. ಆ ನಕ್ಷೆ ತಪ್ಪು. ತಪ್ಪು ಮಾಡಿದವನು ನಾನು.

ವಿಷಯ ನೀವೇ ಕೊಟ್ಟದ್ದು: ಇನ್ನೂರೆಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಓಹಾಯೋ ಕಣಿವೆಗಾಗಿ ಫ್ರೆಂಚರೂ ಬ್ರಿಟಿಷರೂ ಕಿತ್ತಾಡಿದ್ದು. ಫ್ರೆಂಚರು ಇದು ನಮ್ಮದೆಂದು ನದೀದಡದಲ್ಲಿ ಸೀಸದ ಫಲಕಗಳನ್ನು ಹೂತರು. ಬ್ರಿಟಿಷರ ಕಡೆಯವರು ಸರ್ವೇಯರ್‌ಗಳನ್ನು ಕಳಿಸಿದರು. ಆ ಪದ ಕಣ್ಣಿಗೆ ಬಿದ್ದದ್ದೇ ತಡ, ಕತಾರಿನಲ್ಲಿ ಹದಿನೆಂಟು ವರ್ಷದಿಂದ ಸರ್ವೇಯರ್ ಆಗಿರುವ ನಾನು ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡೆ. ಇತಿಹಾಸಕ್ಕೆ ಕೊನೆಗೂ ನನ್ನ ಅಗತ್ಯ ಬಿದ್ದಿತ್ತಲ್ಲ?

ಅವಳು ಕಣಿವೆಯ ತುಂಬ ಅಲ್ಲಿನ ಮೂಲನಿವಾಸಿಗಳಾದ ಶಾನಿ, ಡೆಲವೇರ್ ಜನರ ಹಳ್ಳಿಗಳನ್ನು, ಮರದ ತೊಗಟೆ ಹೊದಿಸಿದ ಮನೆಗಳನ್ನು ಬರೆದಿದ್ದಳು. ನಾನು ಕಲಿತ ಕೆಲಸದಲ್ಲಿ ಒಂದು ರೂಢಿ ಇದೆ. ಡೇರೆ, ಶೆಡ್ಡು, ಕೆಲಸಗಾರರು ಮಲಗುವ ಪೋರ್ಟಾಕ್ಯಾಬಿನ್ ಎಂಬ ಡಬ್ಬಿ ಕೋಣೆಗಳು ತಾತ್ಕಾಲಿಕ. ಅವನ್ನು ಅಂತಿಮ ನಕ್ಷೆಯಲ್ಲಿ ತೋರಿಸುವುದಿಲ್ಲ. ತೊಗಟೆಯ ಮನೆ ತಾತ್ಕಾಲಿಕವಲ್ಲದೆ ಮತ್ತೇನು? ಒಂದೊಂದಾಗಿ ಅಳಿಸಿದೆ. ಫ್ರೆಂಚರ ಕೋಟೆಗೆ ನೀಲಿ, ಬ್ರಿಟಿಷರದ್ದಕ್ಕೆ ಕೆಂಪು ಹಚ್ಚಿ, ನಡುವೆ ಖಾಲಿ ಜಾಗ ಎಂದು ಬರೆದೆ. ಎರಡು ಸಾಮ್ರಾಜ್ಯಗಳು ವರ್ಷಗಟ್ಟಲೆ ಬಡಿದಾಡಿದರೂ ಮುಗಿಯದ ಕೆಲಸವನ್ನು ಒಂದು ರಬ್ಬರಿನಿಂದ ಅರ್ಧ ಗಂಟೆಯಲ್ಲಿ ಮುಗಿಸಿದ್ದೆ.

“ಅಪ್ಪಾ, ಅಲ್ಲಿ ಪೀಪಲ್ ಇದ್ರು. ಯಾಕ ಇರೇಸ್ ಮಾಡ್ದಿ?” ಎಂದಳು ಮಗಳು.

“ಡ್ರಾಯಿಂಗ್ ಕ್ಲೀನ್ ಇರಬೇಕವ್ವ. ಖಲಾಸ್, ಸುಮ್ನ ಕೂಡು,” ಎಂದೆ.

ನೀವು ಅದರ ಮೇಲೆ ‘ಬಹಳ ಅಚ್ಚುಕಟ್ಟು’ ಎಂದು ಬರೆದಿರಿ. ಯಾರೂ ಇಲ್ಲದ ಕಣಿವೆಯಲ್ಲಿ ಫ್ರೆಂಚರೂ ಬ್ರಿಟಿಷರೂ ಯಾರ ಜತೆ ತುಪ್ಪಳದ ವ್ಯಾಪಾರ ಮಾಡುತ್ತಿದ್ದರೆಂಬ ಪ್ರಶ್ನೆ ನಿಮಗೂ ಏಳಲಿಲ್ಲವೇ? ಶಿಲ್ಪಶ್ರೀ ಪ್ರಮಾಣಪತ್ರವನ್ನು ತಂದು ನನ್ನ ಮುಂದಿಟ್ಟು, “ಇದು ನಿಂದು,” ಎಂದು ಹೋದಳು. ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ಪ್ರದರ್ಶನದ ದಿನ ಆ ನಕ್ಷೆಯ ಪಕ್ಕ ನಿಲ್ಲುವುದಿಲ್ಲವೆಂದು ತಾಯಿಗೆ ಹೇಳಿದ್ದಾಳಂತೆ.

ನನ್ನ ಹೆಂಡತಿ ಪಾರವ್ವ ಚಪಾತಿ ಲಟ್ಟಿಸುತ್ತ ಕೇಳಿದಳು: “ಇಲ್ಲಿಗೆ ಬಂದ ಮದಲ್ನೇ ವರ್ಷ ನೀವು ಪೋರ್ಟಾಕ್ಯಾಬಿನ್‌ದಾಗ ಇದ್ರಲ್ರೀ. ಅದನ್ನೂ ಹಿಂಗ ಅಳಿಸಿದ್ರೇನು?”

ಅಳಿಸಿರಲಿಲ್ಲ, ಮಾನ್ಯರೇ. ಬರೆದೇ ಇರಲಿಲ್ಲ. ಆ ಸೈಟಿನ ನಕ್ಷೆ ಮಾಡಿದವನು ನಾನೇ. ನಾವು ಆರು ಜನ ಮಲಗುತ್ತಿದ್ದ ಜಾಗವನ್ನು ಖಾಲಿ ಎಂದು ತೋರಿಸಿ, ಸಹಿ ಹಾಕಿ, ಮೇಲಿನವರಿಂದ ಶಹಬ್ಬಾಸ್ ಪಡೆದಿದ್ದೆ. ಇಷ್ಟು ವಿಧೇಯನಾದವನು ಯಾವ ಸಾಮ್ರಾಜ್ಯಕ್ಕೆ ಬೇಡವಾದಾನು? ನನ್ನ ಮಟ್ಟಿಗೆ ಅದು ನಗುವ ವಿಷಯ. ಮಗಳಿಗೂ ಅದನ್ನೇ ಕಲಿಸಲು ಹೊರಟೆನಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

ಆದ್ದರಿಂದ ಗುರುವಾರ ಪ್ರದರ್ಶನ ತೆರೆಯುವ ಮುಂಚೆ ಆ ನಕ್ಷೆಯನ್ನು ಗೋಡೆಯಿಂದ ಇಳಿಸಿ, ಬಹುಮಾನ ಹಿಂದಕ್ಕೆ ಪಡೆಯಿರಿ. ಶಿಲ್ಪಶ್ರೀ ಬೇರೆಯದನ್ನು ಬರೆಯುತ್ತಿದ್ದಾಳೆ. ಅಂಕ ಕೊಡದಿದ್ದರೂ ಸರಿ, ಅದನ್ನು ಹಾಕಿ. ಅದರಲ್ಲಿ ಎಷ್ಟು ಹಳ್ಳಿಗಳಿವೆಯೆಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಕೋಣೆಗೆ ಕಾಲಿಟ್ಟರೆ ಸಾಕು, ಹಾಳೆಯ ಮೇಲೆ ಎರಡೂ ಕೈ ಚಾಚಿ ಮುಚ್ಚಿಕೊಳ್ಳುತ್ತಾಳೆ.

ಇಂತಿ,
ನಿಮ್ಮಿಂದ ಬಹುಮಾನ ಪಡೆದ ತಪ್ಪಿತಸ್ಥ,
ಚನ್ನಬಸವ, ಸರ್ವೇಯರ್
ಅಲ್ ವುಕೈರ್, ಕತಾರ್